ಹಿಮದ ನಾಡಿಗೆ ಹೊರಬಾಗಿಲು: ಚಳಿಗಾಲದ ಸಿದ್ಧತೆ ಹಾಗೂ ನಮ್ಮ ತಯಾರಕರು ಅರಿಯಬೇಕಾದ ಅಂಶಗಳು

ನಮ್ಮ ನಾಡಿನಲ್ಲಿ ಮನೆಯ ಹೊರಬಾಗಿಲಿನಿಂದ ಎರಡು ಗುಣಗಳನ್ನು ನಿರೀಕ್ಷಿಸಲಾಗುತ್ತದೆ. ಒಂದು ಭದ್ರತೆ, ಮತ್ತೊಂದು ಅಂದ. ಬಾಗಿಲ ಕೆಳಗೆ ಬೆರಳಗಲದ ಸಂದು ಇದ್ದರೂ ನಾವು ಅದನ್ನು ದೋಷವೆಂದು ಎಣಿಸುವುದಿಲ್ಲ. ಗಾಳಿಯಾಡಲು ಅನುಕೂಲವೆಂದೇ ಭಾವಿಸುತ್ತೇವೆ. ಆದರೆ ವರ್ಷದಲ್ಲಿ ನಾಲ್ಕೈದು ತಿಂಗಳು ಹಿಮ ಬೀಳುವ ಪ್ರದೇಶಗಳಲ್ಲಿ ಹೊರಬಾಗಿಲಿಗೆ ಮೂರನೆಯ ಕರ್ತವ್ಯವೊಂದಿದೆ. ಅದು ಮನೆಯೊಳಗಿನ ಶಾಖವನ್ನು ಕಾಯ್ದುಕೊಳ್ಳುವುದು. ಈ ಕರ್ತವ್ಯದಲ್ಲಿ ಸೋತ ಬಾಗಿಲು ಎಷ್ಟೇ ಸುಂದರವಾಗಿದ್ದರೂ, ಎಷ್ಟೇ ಗಟ್ಟಿಯಾಗಿದ್ದರೂ ಅಲ್ಲಿನ ಗ್ರಾಹಕನ ದೃಷ್ಟಿಯಲ್ಲಿ ಕೆಟ್ಟ ಸರಕೇ ಸರಿ.

ಈ ಪಾಠವನ್ನು ನಮ್ಮ ಘಟಕ ಪುಸ್ತಕದಿಂದ ಕಲಿಯಲಿಲ್ಲ, ನಷ್ಟದಿಂದ ಕಲಿಯಿತು. ಕರಾವಳಿಯಲ್ಲಿರುವ ನಮ್ಮ ಸಣ್ಣ ಮರಗೆಲಸದ ಘಟಕಕ್ಕೆ 2016ರಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ನೆಲೆಸಿದ್ದ ಕನ್ನಡಿಗ ಕುಟುಂಬವೊಂದರಿಂದ ಬೇಡಿಕೆ ಬಂದಿತು. ಹೊಸ ಮನೆಗೆ ಕೆತ್ತನೆಯ ತೇಗದ ಮುಂಬಾಗಿಲು ಬೇಕೆಂಬುದು ಅವರ ಅಪೇಕ್ಷೆ. ಜುಲೈ ಮತ್ತು ಆಗಸ್ಟ್ ತಿಂಗಳ ಮಳೆಯಲ್ಲೇ ಕೆಲಸ ಮುಗಿಸಿ ಕಳುಹಿಸಿದೆವು. ನವೆಂಬರ್‌ನಲ್ಲಿ ಬಾಗಿಲನ್ನು ಕೂಡಿಸಲಾಯಿತು. ಗೃಹಪ್ರವೇಶದ ಚಿತ್ರಗಳನ್ನು ಕಂಡು ನಾವೆಲ್ಲ ಹೆಮ್ಮೆಪಟ್ಟೆವು. ಜನವರಿ ಎರಡನೆಯ ವಾರದಲ್ಲಿ ಬಂದ ಚಿತ್ರಗಳು ಬೇರೆಯೇ ಆಗಿದ್ದವು. ಕೆತ್ತನೆಯ ನಡುಹಲಗೆ ಮೇಲಿನಿಂದ ಕೆಳಗಿನವರೆಗೆ ಸೀಳಿತ್ತು. ಬೀಗದ ಕಡೆಯ ಸಂದಿನಲ್ಲಿ ಹಗಲ ಬೆಳಕು ಕಾಣುತ್ತಿತ್ತು. ಹೊಸ್ತಿಲ ಒಳಬದಿಯಲ್ಲಿ ಹಿಮದ ಪುಡಿ ಬಿಳಿಯ ಗೆರೆಯಂತೆ ಬಿದ್ದಿತ್ತು.

ಕೂಡಿಸಿದವರ ತಪ್ಪೆಂದು ನಾವು ಮೊದಲು ವಾದಿಸಿದೆವು. ಆದರೆ ತಪ್ಪು ನಮ್ಮದೇ ಆಗಿತ್ತು. ಬಾಗಿಲಿನ ಪೂರ್ಣ ಬೆಲೆಯನ್ನು ಹಿಂದಿರುಗಿಸಬೇಕಾಯಿತು. ಸಾಗಣೆಯ ವೆಚ್ಚ ನಮ್ಮ ತಲೆಗೇ ಬಂದಿತು. ಆ ಮನೆಯನ್ನು ನೋಡಿ ವಿಚಾರಿಸಿದ್ದ ಇನ್ನೆರಡು ಕುಟುಂಬಗಳು ಮತ್ತೆ ಪತ್ರ ಬರೆಯಲಿಲ್ಲ. ಇದೇ ದಾರಿಯಲ್ಲಿ ಹೆಜ್ಜೆಯಿಡಲಿರುವ ಸದಸ್ಯ ಮಿತ್ರರಿಗೆ ಉಪಯುಕ್ತವಾಗಲೆಂದು, ಹೊರಬಾಗಿಲನ್ನು ಚಳಿಗಾಲಕ್ಕೆ ಸಿದ್ಧಪಡಿಸುವ ಕ್ರಮವನ್ನೂ ಅದರ ಹಿಂದಿರುವ ಕಾರಣಗಳನ್ನೂ ಈ ಲೇಖನದಲ್ಲಿ ವಿವರಿಸಲಾಗಿದೆ.

ಚಳಿಯ ಸ್ವರೂಪ

ಮಿನ್ನೆಸೋಟದ ದೊಡ್ಡ ನಗರವಾದ ಮಿನ್ನಿಯಾಪೊಲಿಸ್‌ನಲ್ಲಿ ಜನವರಿ ತಿಂಗಳ ಸರಾಸರಿ ಉಷ್ಣತೆ ಸುಮಾರು ಮೈನಸ್ 9 ಡಿಗ್ರಿ ಸೆಲ್ಸಿಯಸ್. ಕೆಲವು ರಾತ್ರಿ ಅದು ಮೈನಸ್ 25ಕ್ಕೂ ಕೆಳಗಿಳಿಯುತ್ತದೆ. ಮನೆಯೊಳಗೆ ಮಾತ್ರ ಹೀಟರ್ ನೆರವಿನಿಂದ 20 ಅಥವಾ 21 ಡಿಗ್ರಿ ಕಾಯ್ದುಕೊಳ್ಳಲಾಗುತ್ತದೆ. ಅಂದರೆ ಒಂದೂಮುಕ್ಕಾಲು ಅಂಗುಲ ದಪ್ಪದ ಕದದ ಎರಡು ಮುಖಗಳ ನಡುವೆ 30ರಿಂದ 45 ಡಿಗ್ರಿ ಅಂತರವಿರುತ್ತದೆ. ನಮ್ಮ ದೇಶದಲ್ಲೇ ಲಡಾಖಿನ ಲೇಹ್, ಹಿಮಾಚಲದ ಲಾಹೌಲ್ ಮತ್ತು ಸ್ಪಿತಿ ಪ್ರದೇಶಗಳ ಚಳಿಗಾಲವೂ ಇದಕ್ಕೆ ಹತ್ತಿರವಾದದ್ದೇ. ಆದುದರಿಂದ ಈ ವಿಷಯ ಕೇವಲ ರಫ್ತುದಾರರಿಗೆ ಸಂಬಂಧಿಸಿದ್ದಲ್ಲ.

ಶೀತಕ್ಕಿಂತಲೂ ಮರವನ್ನು ಹೆಚ್ಚು ಕಾಡುವುದು ಒಣಹವೆ. ತಣ್ಣನೆಯ ಗಾಳಿ ಹೆಚ್ಚು ನೀರಾವಿಯನ್ನು ಹಿಡಿದಿಡಲಾರದು. ಮೈನಸ್ 20 ಡಿಗ್ರಿಯ ಗಾಳಿ ಹೊರಗಿರುವಾಗ ನೀರಾವಿಯಿಂದ ಪೂರ್ತಿ ತುಂಬಿದ್ದರೂ, ಅದೇ ಗಾಳಿ ಒಳಬಂದು 21 ಡಿಗ್ರಿಗೆ ಕಾದಾಗ ಅದರ ಸಾಪೇಕ್ಷ ಆರ್ದ್ರತೆ ಶೇಕಡಾ 5ಕ್ಕಿಂತ ಕೆಳಗಿಳಿಯುತ್ತದೆ. ಅಡುಗೆ, ಸ್ನಾನ ಮತ್ತು ಉಸಿರಾಟದಿಂದ ಸೇರುವ ಆವಿಯಿಂದಾಗಿ ಮನೆಯೊಳಗೆ ಅದು ಶೇಕಡಾ 25ರಿಂದ 35ರ ಆಸುಪಾಸಿನಲ್ಲಿ ನಿಲ್ಲಬಹುದು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಇದೇ ಆರ್ದ್ರತೆ ಶೇಕಡಾ 85ನ್ನು ಮೀರುತ್ತದೆ ಎಂಬುದನ್ನು ನೆನೆದರೆ ಎರಡು ಹವೆಗಳ ನಡುವಿನ ದೂರ ಅರಿವಾಗುತ್ತದೆ.

ಮರ ಏಕೆ ಕುಗ್ಗುತ್ತದೆ?

ಮಳೆಗಾಲದಲ್ಲಿ ಉಬ್ಬಿ ಸಿಕ್ಕಿಕೊಳ್ಳುವ ಬಾಗಿಲಿಗೆ ಕೀಸುಳಿ ಹಾಕಿ ಸರಿಪಡಿಸುವುದು, ಬೇಸಿಗೆ ಬಂದಾಗ ಅದೇ ಬಾಗಿಲು ಸಡಿಲವಾಗಿ ಬಡಿದುಕೊಳ್ಳುವುದು ನಮ್ಮೆಲ್ಲರ ಮನೆಗಳ ಅನುಭವ. ಮರ ಸುತ್ತಲಿನ ಗಾಳಿಗೆ ತಕ್ಕಂತೆ ತೇವವನ್ನು ಹೀರುತ್ತದೆ ಅಥವಾ ಬಿಡುತ್ತದೆ. ಬಹುಕಾಲ ಒಂದೇ ಹವೆಯಲ್ಲಿದ್ದಾಗ ಅದು ತಲುಪುವ ಮಟ್ಟಕ್ಕೆ ಸಮತೋಲನ ತೇವಾಂಶ ಎಂದು ಹೆಸರು. ಸುಮಾರು 21 ಡಿಗ್ರಿ ಉಷ್ಣತೆಯಲ್ಲಿ, ಆರ್ದ್ರತೆ ಶೇಕಡಾ 85 ಇದ್ದರೆ ಮರದ ತೇವಾಂಶ ಶೇಕಡಾ 18ರ ಹತ್ತಿರ. ಆರ್ದ್ರತೆ ಶೇಕಡಾ 65 ಇದ್ದರೆ ಶೇಕಡಾ 12. ಆರ್ದ್ರತೆ ಶೇಕಡಾ 30 ಇದ್ದರೆ ಕೇವಲ ಶೇಕಡಾ 6.

ತೇಗ ಸ್ಥಿರವಾದ ಮರವೆಂದು ಹೆಸರಾದದ್ದು ಸಕಾರಣವಾಗಿಯೇ. ಆದರೂ ತೇವಾಂಶ ಶೇಕಡಾ ಒಂದರಷ್ಟು ಇಳಿದಾಗ, ಸುತ್ತುಬಳೆಗಳ ಗುಂಟ ಕೊಯ್ದ ತೇಗದ ಹಲಗೆಯ ಅಗಲ ಸುಮಾರು ಶೇಕಡಾ 0.2ರಷ್ಟು ಕಡಮೆಯಾಗುತ್ತದೆ. ನಮ್ಮ ಬಾಗಿಲಿನ ಲೆಕ್ಕವನ್ನೇ ನೋಡೋಣ. ಮಳೆಗಾಲದಲ್ಲಿ ಕೆಲಸ ಮಾಡಿದ್ದರಿಂದ ಮರದ ತೇವಾಂಶ ಶೇಕಡಾ 17ರಷ್ಟಿತ್ತು. ಬಿಸಿ ಮಾಡಿದ ಮನೆಯಲ್ಲಿ ಒಳಮುಖ ಶೇಕಡಾ 7ಕ್ಕೆ ಇಳಿಯಿತೆಂದು ಇಟ್ಟುಕೊಂಡರೆ ವ್ಯತ್ಯಾಸ ಶೇಕಡಾ 10. ಆಗ 300 ಮಿ.ಮೀ. ಅಗಲದ ನಡುಹಲಗೆ 6 ಮಿ.ಮೀ. ಕುಗ್ಗಬೇಕು. ಎರಡು ಬದಿಯ ನಿಲುವು ಪಟ್ಟಿಗಳು ತಲಾ 115 ಮಿ.ಮೀ. ಇದ್ದುದರಿಂದ ಅವೆರಡೂ ಸೇರಿ 4ರಿಂದ 5 ಮಿ.ಮೀ. ಕುಗ್ಗಬೇಕು. ಮೊದಲೇ ಇದ್ದ 3 ಮಿ.ಮೀ. ಸಂದು ಹೀಗೆ 7ರಿಂದ 8 ಮಿ.ಮೀ.ಗೆ ಹಿಗ್ಗಿತು. ಹಗಲ ಬೆಳಕು ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಹಲಗೆ ಸೀಳಲು ಇನ್ನೊಂದು ಕಾರಣವಿತ್ತು. ನಡುಹಲಗೆ ಅಲುಗಾಡಬಾರದೆಂದು ನಮ್ಮವರು ಅದನ್ನು ತೋಡಿನೊಳಗೆ ಅಂಟು ಹಾಕಿ, ಮೇಲಿನಿಂದ ಸಣ್ಣ ಮೊಳೆ ಬಡಿದು ಬಿಗಿದಿದ್ದರು. ಕುಗ್ಗಲು ಎಡೆಯಿಲ್ಲದ ಹಲಗೆಗೆ ಸೀಳುವುದೊಂದೇ ದಾರಿ ಉಳಿದಿತ್ತು. ಹಲಗೆಯನ್ನು ಎಂದಿಗೂ ತೋಡಿಗೆ ಅಂಟಿಸಬಾರದು. ಅದು ತೋಡಿನೊಳಗೆ ತೇಲುವಂತಿರಬೇಕು. ಎರಡು ಬದಿಯ ತೋಡುಗಳು ತಲಾ 12 ಮಿ.ಮೀ. ಆಳವಿದ್ದು, ಹಲಗೆ ಅವುಗಳೊಳಗೆ ಸಾಕಷ್ಟು ದೂರ ಸೇರಿದ್ದರೆ, ಬದಿಗೆ 3 ಮಿ.ಮೀ.ನಂತೆ ಕುಗ್ಗಿದರೂ ಅಂಚು ಹೊರಗೆ ಬರುವುದಿಲ್ಲ. ಹಲಗೆಗೆ ಬಣ್ಣ ಅಥವಾ ಪಾಲಿಶನ್ನು ಜೋಡಿಸುವ ಮೊದಲೇ ಅಂಚಿನವರೆಗೂ ಹಚ್ಚಬೇಕು. ಇಲ್ಲವಾದರೆ ಕುಗ್ಗಿದಾಗ ಬಣ್ಣ ಕಾಣದ ಬಿಳಿಯ ಗೆರೆಯೊಂದು ತೋಡಿನ ಪಕ್ಕದಲ್ಲಿ ಕಾಣಿಸಿಕೊಳ್ಳುತ್ತದೆ.

ಇದಲ್ಲದೆ ಕದದ ಒಳಮುಖ ಒಣಹವೆಯಲ್ಲಿಯೂ ಹೊರಮುಖ ಶೀತಲವಾದ ಆರ್ದ್ರ ಹವೆಯಲ್ಲಿಯೂ ಇರುವುದರಿಂದ ಎರಡು ಮುಖಗಳು ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಇದರ ಫಲವಾಗಿ ಕದ ಬಾಗುತ್ತದೆ. ಉಕ್ಕಿನ ಕದವೂ ಈ ನಿಯಮಕ್ಕೆ ಪೂರ್ಣ ಹೊರತಲ್ಲ: 2 ಮೀಟರ್ ಎತ್ತರದ ಉಕ್ಕಿನ ತಗಡು 40 ಡಿಗ್ರಿ ತಣಿದಾಗ ಸುಮಾರು 1 ಮಿ.ಮೀ. ಕುಗ್ಗುತ್ತದೆ.

ಸಂದಿನ ಲೆಕ್ಕ

ಅಮೆರಿಕದ ಮನೆಗಳ ಮುಂಬಾಗಿಲಿನ ಸಾಮಾನ್ಯ ಅಳತೆ 36 ಅಂಗುಲ ಅಗಲ, 80 ಅಂಗುಲ ಎತ್ತರ, ಒಂದೂಮುಕ್ಕಾಲು ಅಂಗುಲ ದಪ್ಪ. ಎಂದರೆ 914, 2032 ಮತ್ತು 44 ಮಿ.ಮೀ. ಇಂತಹ ಕದದ ಅಡಿಯಲ್ಲಿ 3 ಮಿ.ಮೀ. ಸಂದಿದ್ದರೆ ಅದರ ವಿಸ್ತೀರ್ಣ ಸುಮಾರು 27 ಚದರ ಸೆಂ.ಮೀ. ಇದು ಬಾಗಿಲಿನಲ್ಲಿ 6 ಸೆಂ.ಮೀ. ವ್ಯಾಸದ ತೂತು ಕೊರೆದುದಕ್ಕೆ ಸಮ. ನಾಲ್ಕೂ ಬದಿಗೆ ಇದೇ ಸಂದಿದ್ದರೆ 15 ಸೆಂ.ಮೀ. ವ್ಯಾಸದ ತೂತಿಗೆ ಸಮವಾಗುತ್ತದೆ.

ಒಳಗೆ 21 ಡಿಗ್ರಿ, ಹೊರಗೆ ಮೈನಸ್ 9 ಡಿಗ್ರಿ ಇರುವಾಗ 44 ಮಿ.ಮೀ. ದಪ್ಪದ ಗಟ್ಟಿ ತೇಗದ ಕದದ ಮೂಲಕ ಸುಮಾರು 140 ವ್ಯಾಟ್ ಶಾಖ ಹೊರಹೋಗುತ್ತದೆ. ಅದೇ ವೇಳೆ ಒಳಹೊರಗಿನ ಗಾಳಿಯ ಒತ್ತಡದಲ್ಲಿ ಕೇವಲ 4 ಪಾಸ್ಕಲ್ ವ್ಯತ್ಯಾಸವಿದ್ದರೂ ಕದದ ಅಡಿಯ 3 ಮಿ.ಮೀ. ಸಂದಿನಿಂದ ಹರಿಯುವ ಗಾಳಿಯನ್ನು ಕಾಯಿಸಲು ಸುಮಾರು 150ರಿಂದ 160 ವ್ಯಾಟ್ ಬೇಕು. ಅಂದರೆ ಇಡೀ ಕದ ಕಳೆಯುವಷ್ಟು ಶಾಖವನ್ನು ಅಡಿಯ ಒಂದು ಗೆರೆಯೇ ಕಳೆಯುತ್ತದೆ. ಬಾಗಿಲಿನ ಮರಕ್ಕೆ ಸಾವಿರಾರು ರೂಪಾಯಿ ವೆಚ್ಚ ಮಾಡಿ, ಸಂದು ಮುಚ್ಚುವ ಪಟ್ಟಿಗೆ ನೂರು ರೂಪಾಯಿ ಉಳಿಸುವುದು ಎಂತಹ ವ್ಯಾಪಾರವೆಂಬುದನ್ನು ಓದುಗರೇ ಊಹಿಸಬಹುದು.

ಸಿದ್ಧತೆಯ ಕ್ರಮ

ಶೀತ ಪ್ರದೇಶದ ಮನೆಯವರು ಹೊರಬಾಗಿಲಿನ ಕೆಲಸವನ್ನು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳಲ್ಲೇ ಮುಗಿಸಿಕೊಳ್ಳುತ್ತಾರೆ. ಅಂಟುಪಟ್ಟಿ, ಸೀಲೆಂಟ್ ಮತ್ತು ಬಣ್ಣಗಳು ತೀರ ತಣ್ಣನೆಯ ಮೇಲ್ಮೈಗೆ ಸರಿಯಾಗಿ ಹಿಡಿಯುವುದಿಲ್ಲ. ಹೆಚ್ಚಿನವು 5ರಿಂದ 10 ಡಿಗ್ರಿಗಿಂತ ಮೇಲಿನ ಉಷ್ಣತೆಯನ್ನು ಬಯಸುತ್ತವೆ. ಕೆಲಸದ ಕ್ರಮ ಹೀಗಿರುತ್ತದೆ.

1. ಪರೀಕ್ಷೆ. ಮೊದಲು ಹಗಲಿನಲ್ಲಿ ಒಳಗಿನ ದೀಪವಾರಿಸಿ, ಮುಚ್ಚಿದ ಬಾಗಿಲಿನ ಅಂಚುಗಳಲ್ಲಿ ಬೆಳಕು ಕಾಣುವುದೇ ಎಂದು ನೋಡಬೇಕು. ಬಳಿಕ ಕಾಗದದ ಚೂರೊಂದನ್ನು ಅಂಚಿನಲ್ಲಿಟ್ಟು ಬಾಗಿಲು ಮುಚ್ಚಿ ಎಳೆಯಬೇಕು. ಕಾಗದ ತಡೆಯಿಲ್ಲದೆ ಜಾರಿ ಬಂದರೆ ಅಲ್ಲಿ ಬಿಗಿಯಿಲ್ಲವೆಂದು ತಿಳಿಯಬೇಕು. ಮೂರನೆಯದು ಊದುಬತ್ತಿಯ ಪರೀಕ್ಷೆ. ಗಾಳಿ ಬೀಸುವ ದಿನ ಹೊತ್ತಿಸಿದ ಊದುಬತ್ತಿಯನ್ನು ಬಾಗಿಲಿನ ಸುತ್ತ ನಿಧಾನವಾಗಿ ಒಯ್ದರೆ, ಸೋರುವ ಜಾಗದಲ್ಲಿ ಹೊಗೆ ಅಡ್ಡಕ್ಕೆ ತಿರುಗುತ್ತದೆ. ಅಮೆರಿಕದ ಇಂಧನ ಇಲಾಖೆಯೂ ಮನೆಯವರಿಗೆ ಈ ವಿಧಾನವನ್ನು ಸೂಚಿಸಿದೆ. ಮೈಸೂರು ಮತ್ತು ಬೆಂಗಳೂರಿನ ಊದುಬತ್ತಿ ಉದ್ಯಮಿಗಳಿಗೆ ಇದು ಕುತೂಹಲದ ಸಂಗತಿಯಾಗಬಹುದು.

2. ಹಿಂಜು ಮತ್ತು ಚೌಕಟ್ಟು. ಇಳಿಬಿದ್ದ ಬಾಗಿಲಿಗೆ ಎಷ್ಟು ಪಟ್ಟಿ ಹಚ್ಚಿದರೂ ಪ್ರಯೋಜನವಿಲ್ಲ. ಆದುದರಿಂದ ಮೊದಲು ಹಿಂಜುಗಳ ತಿರುಪುಮೊಳೆಗಳನ್ನು ಬಿಗಿಗೊಳಿಸಬೇಕು. ಮೇಲಿನ ಹಿಂಜಿನ ಒಂದು ಮೊಳೆಯನ್ನು ತೆಗೆದು, ಚೌಕಟ್ಟನ್ನು ದಾಟಿ ಗೋಡೆಯ ಮರದ ಕಂಬದವರೆಗೆ ತಲುಪುವ ಸುಮಾರು 75 ಮಿ.ಮೀ. ಉದ್ದದ ಮೊಳೆಯನ್ನು ಹಾಕಿದರೆ ಕದ ಮೇಲೆದ್ದು ನೇರವಾಗುತ್ತದೆ. ಬೀಗದ ನಾಲಗೆ ಸೇರುವ ತಗಡನ್ನು ಅಗತ್ಯವಿದ್ದಷ್ಟು ಸರಿಸಿ, ಬಾಗಿಲು ಮುಚ್ಚಿದಾಗ ಕದ ಗಾಳಿತಡೆ ಪಟ್ಟಿಯನ್ನು ಒತ್ತಿ ನಿಲ್ಲುವಂತೆ ಮಾಡಬೇಕು.

3. ಗಾಳಿತಡೆ ಪಟ್ಟಿ. ವೆದರ್‌ಸ್ಟ್ರಿಪ್ ಎಂದು ಕರೆಯುವ ಈ ಪಟ್ಟಿಯನ್ನು ಚೌಕಟ್ಟಿನ ಮೇಲ್ಭಾಗಕ್ಕೂ ಎರಡು ಬದಿಗಳಿಗೂ ಹಾಕಲಾಗುತ್ತದೆ. ಅಗ್ಗದ ಅಂಟುಫೋಮ್ ಪಟ್ಟಿ ಕೆಲವೇ ವರ್ಷ ಬಾಳುತ್ತದೆ. ಚೌಕಟ್ಟಿನಲ್ಲಿ ಕೊರೆದ ಸಣ್ಣ ಸೀಳಿನೊಳಗೆ ಕೂರಿಸುವ, ಹೊದಿಕೆಯುಳ್ಳ ಫೋಮ್ ಪಟ್ಟಿ ಉತ್ತಮ. ಹಳತಾದಾಗ ಎಳೆದು ಹೊಸದನ್ನು ಕೂರಿಸಬಹುದು. ಕೊಳವೆಯಾಕಾರದ ರಬ್ಬರ್ ಅಥವಾ ಸಿಲಿಕೋನ್ ಪಟ್ಟಿ, ಇಂಗ್ಲಿಷ್ ವಿ ಅಕ್ಷರದಂತೆ ಮಡಿಚಿದ ತಗಡು ಅಥವಾ ಪ್ಲಾಸ್ಟಿಕ್ ಪಟ್ಟಿ, ಉಕ್ಕಿನ ಬಾಗಿಲಿಗೆ ಫ್ರಿಜ್ ಬಾಗಿಲಿನಂತಹ ಅಯಸ್ಕಾಂತದ ಪಟ್ಟಿ ಸಹ ಬಳಕೆಯಲ್ಲಿವೆ. ಪಟ್ಟಿ ಒತ್ತಿಕೊಳ್ಳಬೇಕು, ಆದರೆ ಪೂರ್ಣ ಚಪ್ಪಟೆಯಾಗಬಾರದು. ಮುಚ್ಚಲು ಭುಜ ಕೊಟ್ಟು ತಳ್ಳಬೇಕಾದ ಬಾಗಿಲು ಸರಿಯಾಗಿ ಸಿದ್ಧವಾದ ಬಾಗಿಲಲ್ಲ.

4. ಹೊಸ್ತಿಲು. ನಾವು ಹೊಸ್ತಿಲನ್ನು ಅರಿಸಿನ ಕುಂಕುಮವಿಟ್ಟು ಪೂಜಿಸುತ್ತೇವೆ. ಹಿಮದ ನಾಡಿನವರು ಅದನ್ನು ಯಂತ್ರದ ಭಾಗದಂತೆ ಹೊಂದಿಸುತ್ತಾರೆ. ಅಲ್ಲಿನ ಹೊಸ್ತಿಲುಗಳ ಮೇಲ್ಪಟ್ಟಿಯನ್ನು ತಿರುಪುಮೊಳೆಗಳಿಂದ ಏರಿಸಿ ಇಳಿಸುವ ವ್ಯವಸ್ಥೆಯಿರುವುದು ಸಾಮಾನ್ಯ. ಕದದ ಅಡಿಗೆ ಡೋರ್ ಸ್ವೀಪ್ ಎಂಬ ರಬ್ಬರ್ ಅಂಚಿನ ಅಥವಾ ಕುಂಚದಂಚಿನ ಪಟ್ಟಿಯನ್ನು ಹಾಕಿ, ಅದು ಹೊಸ್ತಿಲನ್ನು ಹಗುರವಾಗಿ ಸವರುವಂತೆ ಹೊಂದಿಸಲಾಗುತ್ತದೆ. ಅಲ್ಯೂಮಿನಿಯಂ ಹೊಸ್ತಿಲು ಒಳಗಿನಿಂದ ಹೊರಗೆ ಒಂದೇ ತುಂಡಾಗಿದ್ದರೆ ಚಳಿಯನ್ನು ನೇರವಾಗಿ ಒಳಗೆ ತಂದು, ತನ್ನ ಮೇಲೆ ನೀರುಹನಿ ಮತ್ತು ಮಂಜುಗಡ್ಡೆ ಕಟ್ಟಿಸಿಕೊಳ್ಳುತ್ತದೆ. ಆದುದರಿಂದ ಲೋಹದ ಎರಡು ಭಾಗಗಳ ನಡುವೆ ಪ್ಲಾಸ್ಟಿಕ್ ಅಥವಾ ಮರದ ತಡೆಯಿರುವ ಹೊಸ್ತಿಲನ್ನೇ ಆರಿಸಬೇಕು.

5. ಚೌಕಟ್ಟಿನ ಸುತ್ತ. ಚೌಕಟ್ಟಿಗೂ ಗೋಡೆಗೂ ನಡುವಿನ ಸಂದನ್ನು ಕಡಮೆ ಹಿಗ್ಗುವ ಫೋಮ್‌ನಿಂದ ತುಂಬಿ, ಹೊರಗಿನ ಅಂಚನ್ನು ಸೀಲೆಂಟ್‌ನಿಂದ ಮುಚ್ಚಬೇಕು. ಹೆಚ್ಚು ಹಿಗ್ಗುವ ಫೋಮ್ ಬಳಸಿದರೆ ಚೌಕಟ್ಟೇ ಒಳಬಾಗಿ ಕದ ಸಿಕ್ಕಿಕೊಳ್ಳುತ್ತದೆ.

6. ಬಣ್ಣ ಮತ್ತು ವಾರ್ನಿಷ್. ಮರದ ಕದಕ್ಕೆ ಆರು ಮುಖಗಳಿವೆ. ನಾವು ಸಾಮಾನ್ಯವಾಗಿ ನಾಲ್ಕನ್ನೇ ಎಣಿಸುತ್ತೇವೆ. ತಲೆಯ ಅಂಚು ಮತ್ತು ಅಡಿಯ ಅಂಚು ಕಣ್ಣಿಗೆ ಬೀಳುವುದಿಲ್ಲವೆಂದು ಹಾಗೆಯೇ ಬಿಟ್ಟರೆ, ನೀರು ಹೀರುವುದೂ ಒಣಗುವುದೂ ಅಲ್ಲಿಂದಲೇ ವೇಗವಾಗಿ ನಡೆಯುತ್ತದೆ. ಹಿಂಜು ಮತ್ತು ಬೀಗಕ್ಕಾಗಿ ಕೊರೆದ ಕುಳಿಗಳಿಗೂ ಲೇಪ ಹಚ್ಚಬೇಕು.

7. ಬೀಗ ಮತ್ತು ಲೋಹದ ಸಾಮಾನು. ದಪ್ಪ ಎಣ್ಣೆ ಚಳಿಯಲ್ಲಿ ಮಂದವಾಗಿ ಬೀಗವನ್ನು ಹಿಡಿಸುತ್ತದೆ. ಗ್ರಾಫೈಟ್ ಪುಡಿ ಅಥವಾ ಟೆಫ್ಲಾನ್ ಜಾತಿಯ ಒಣ ಲೇಪ ಸೂಕ್ತ. ಹಿಮ ಕರಗಿಸಲು ಮೆಟ್ಟಿಲಿಗೆ ಎರಚುವ ಉಪ್ಪು ಬೂಟುಗಳ ಮೂಲಕ ಹೊಸ್ತಿಲಿಗೆ ಬಂದು ಸಾಧಾರಣ ಉಕ್ಕಿನ ಸಾಮಾನನ್ನು ತುಕ್ಕು ಹಿಡಿಸುತ್ತದೆ. ಸ್ಟೇನ್‌ಲೆಸ್ ಉಕ್ಕು ಅಥವಾ ಹಿತ್ತಾಳೆ ಇಲ್ಲಿ ಬಾಳಿಕೆ ಬರುತ್ತದೆ.

8. ಹೊರಗದ. ಅಲ್ಲಿನ ಅನೇಕ ಮನೆಗಳಲ್ಲಿ ಮುಖ್ಯ ಬಾಗಿಲು ಒಳಕ್ಕೆ ತೆರೆಯುತ್ತದೆ. ಹೊರಗೆ ಹಿಮ ರಾಶಿ ಬಿದ್ದರೂ ಬಾಗಿಲು ತೆರೆಯಬಹುದೆಂಬ ಅನುಕೂಲ ಇದರಲ್ಲಿದೆ. ಅದರ ಮುಂದೆ ಸ್ಟಾರ್ಮ್ ಡೋರ್ ಎಂಬ ಗಾಜಿನ ತೆಳು ಕದವನ್ನು ಸೇರಿಸುವುದುಂಟು. ಎರಡರ ನಡುವಿನ ಗಾಳಿ ಚಳಿಗೆ ತಡೆಯಾಗುತ್ತದೆ. ಮರದ ಬಾಗಿಲಿಗೆ ಹಿಮ ಮತ್ತು ನೀರಿನಿಂದ ರಕ್ಷಣೆಯೂ ದೊರೆಯುತ್ತದೆ. ಆದರೆ ದಿನಕ್ಕೆ ಹಲವು ಗಂಟೆ ನೇರ ಬಿಸಿಲು ಬೀಳುವ ಬಾಗಿಲಿಗೆ ಇದು ಹೊಂದದು. ಗಾಜಿನ ಹಿಂದೆ ಶಾಖ ಸಿಕ್ಕಿಕೊಂಡು ಒಳಗಿನ ಕದದ ಬಣ್ಣವೂ ಅಂಚುಪಟ್ಟಿಗಳೂ ಕೆಡುತ್ತವೆ.

ಒಂದು ಎಚ್ಚರಿಕೆ

ಬಾಗಿಲನ್ನು ಬಿಗಿಗೊಳಿಸುವ ಉತ್ಸಾಹದಲ್ಲಿ ಪ್ರಾಣರಕ್ಷಣೆಯನ್ನು ಮರೆಯಬಾರದು. ಹೊರಹೋಗುವ ಯಾವ ಬಾಗಿಲನ್ನೂ ಟೇಪು ಅಂಟಿಸಿ ಚಳಿಗಾಲವಿಡೀ ಮುಚ್ಚಿಡಬಾರದು. ಬೆಂಕಿ ಬಿದ್ದಾಗ ಮಗುವೂ ಅದನ್ನು ತೆರೆಯುವಂತಿರಬೇಕು. ಅಂತೆಯೇ ಅನಿಲ, ಸೀಮೆಎಣ್ಣೆ ಅಥವಾ ಸೌದೆ ಉರಿಸಿ ಕಾಯಿಸುವ ಮನೆಯ ಎಲ್ಲ ಸಂದುಗಳನ್ನೂ ಮುಚ್ಚಿ, ಹೊಗೆ ಹೊರಹೋಗುವ ಮತ್ತು ತಾಜಾ ಗಾಳಿ ಒಳಬರುವ ದಾರಿಯನ್ನು ನೋಡಿಕೊಳ್ಳದಿದ್ದರೆ ಇಂಗಾಲದ ಮೊನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷಾನಿಲ ಒಳಗೆ ಸೇರುವ ಅಪಾಯವಿದೆ. ನಮ್ಮ ಹಿಮಾಲಯದ ಊರುಗಳಲ್ಲಿ ಬುಖಾರಿ ಮತ್ತು ಕೆಂಡದ ಒಲೆಗಳನ್ನು ಬಳಸುವ ಮನೆಗಳಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ.

ನಮ್ಮ ತಯಾರಕರು ಮತ್ತು ವರ್ತಕರು ಗಮನಿಸಬೇಕಾದದ್ದು

ಮೇಲಿನ ಕ್ರಮವನ್ನು ಅರಿತರೆ ಗ್ರಾಹಕ ಏನನ್ನು ಕೇಳುತ್ತಾನೆ, ಏಕೆ ಕೇಳುತ್ತಾನೆ ಎಂಬುದು ಸ್ಪಷ್ಟವಾಗುತ್ತದೆ. ವಿವಿಧ ವಲಯಗಳ ಸದಸ್ಯರಿಗೆ ಅನ್ವಯಿಸುವ ಅಂಶಗಳನ್ನು ಇಲ್ಲಿ ಸಂಗ್ರಹಿಸಲಾಗಿದೆ.

ಮರದ ಬಾಗಿಲು ತಯಾರಕರು: ತೇವಾಂಶ ಅಳೆಯುವ ಮೀಟರನ್ನು ಮೊದಲು ಕೊಳ್ಳಬೇಕು. ಕೈಯಿಂದ ಮುಟ್ಟಿ ಮರ ಒಣಗಿದೆಯೆನ್ನುವ ಕಾಲ ಇದಲ್ಲ. ಬಿಸಿ ಮಾಡಿದ ಮನೆಗಳಿಗೆ ಹೋಗುವ ಬಾಗಿಲಿನ ಮರವನ್ನು ಒಣಗೂಡಿನಲ್ಲಿ ಶೇಕಡಾ 8ರಿಂದ 10ರ ತೇವಾಂಶಕ್ಕೆ ತಂದು, ಕೆಲಸ ನಡೆಯುವಾಗಲೂ ಪ್ಯಾಕಿಂಗ್ ಆಗುವವರೆಗೂ ಅದೇ ಮಟ್ಟದಲ್ಲಿ ಕಾಯ್ದುಕೊಳ್ಳಬೇಕು. ಒಣಗಿಸಿದ ಮರವನ್ನು ಜುಲೈ ತಿಂಗಳಲ್ಲಿ ತೆರೆದ ಶೆಡ್ಡಿನಲ್ಲಿಟ್ಟರೆ ಒಣಗಿಸಿದ ಶ್ರಮವೆಲ್ಲ ವ್ಯರ್ಥ. ಮರದ ಹದಗೊಳಿಸುವಿಕೆಗೆ ಭಾರತೀಯ ಮಾನಕ ಸಂಸ್ಥೆಯ ಐ.ಎಸ್. 1141, ದೇಶದ ವಿವಿಧ ಹವಾಮಾನ ವಲಯಗಳಲ್ಲಿ ಇರಬಹುದಾದ ತೇವಾಂಶಕ್ಕೆ ಐ.ಎಸ್. 287, ಹಲಗೆಯ ಕದಗಳಿಗೆ ಐ.ಎಸ್. 1003, ಫ್ಲಶ್ ಕದಗಳಿಗೆ ಐ.ಎಸ್. 2202 ಎಂಬ ಮಾನಕಗಳಿವೆ. ಲಡಾಖಿಗೋ ಹಿಮಾಚಲಕ್ಕೋ ಸರಕು ಕಳುಹಿಸುವವರು ಐ.ಎಸ್. 287ರ ವಲಯಗಳನ್ನು ಗಮನಿಸುವುದು ಅವಶ್ಯ. ಮರದ ಗುಣಗಳ ಬಗೆಗೆ ಸಂದೇಹವಿದ್ದವರಿಗೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಿದೆ.

ಇನ್ನೊಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಶಾಖ ತಡೆಯುವುದರಲ್ಲಿ ಗಟ್ಟಿ ಮರ, ನಡುವೆ ಪಾಲಿಯುರೆಥೇನ್ ಫೋಮ್ ತುಂಬಿದ ಉಕ್ಕು ಅಥವಾ ಫೈಬರ್‌ಗ್ಲಾಸ್ ಕದಕ್ಕೆ ಸಮವಲ್ಲ. ಅಮೆರಿಕದ ಎನರ್ಜಿ ಸ್ಟಾರ್ ಗುರುತು ಗಾಜಿಲ್ಲದ ಕದಕ್ಕೆ ದೊರೆಯಬೇಕಾದರೆ ಅದರ ಯು ಅಂಶ 0.17ನ್ನು ಮೀರಬಾರದು. ಮೆಟ್ರಿಕ್ ಲೆಕ್ಕದಲ್ಲಿ ಇದು ಚದರ ಮೀಟರಿಗೆ, ಪ್ರತಿ ಡಿಗ್ರಿಗೆ ಸುಮಾರು 0.97 ವ್ಯಾಟ್. ನಮ್ಮ ಗಟ್ಟಿ ತೇಗದ ಕದದ ಅಂಶ ಇದರ ಎರಡೂವರೆ ಪಟ್ಟು. ಆದುದರಿಂದ ಕೆತ್ತನೆಯ ಬಾಗಿಲನ್ನು ಚಳಿ ತಡೆಯುವ ಬಾಗಿಲೆಂದು ಮಾರಬಾರದು. ಎರಡು ಬಾಗಿಲುಗಳ ನಡುವೆ ಸಣ್ಣ ಪಡಸಾಲೆಯಿರುವ ಮನೆಗಳಲ್ಲಿ ಒಳಬಾಗಿಲಾಗಿ, ಅಥವಾ ಹೊರಗದದ ರಕ್ಷಣೆಯಲ್ಲಿ ಮುಂಬಾಗಿಲಾಗಿ, ಇಲ್ಲವೇ ದೇವರಮನೆಯ ಬಾಗಿಲಾಗಿ ಅದನ್ನು ಸೂಚಿಸುವುದು ಗ್ರಾಹಕನಿಗೂ ನಮಗೂ ಹಿತ.

ರಬ್ಬರ್ ಮತ್ತು ಪ್ಲಾಸ್ಟಿಕ್ ಪಟ್ಟಿ ತಯಾರಕರು: ವಾಹನ ಉದ್ಯಮಕ್ಕೆ ರಬ್ಬರ್ ಪ್ರೊಫೈಲ್ ಒದಗಿಸುವ ಘಟಕಗಳು ನಮ್ಮಲ್ಲಿವೆ. ಬಾಗಿಲಿನ ಪಟ್ಟಿಯೂ ಅದೇ ಜಾತಿಯದು. ಸಾಧಾರಣ ಮೃದು ಪಿ.ವಿ.ಸಿ. ಚಳಿಯಲ್ಲಿ ಗಡುಸಾಗಿ ಒತ್ತಿಕೊಳ್ಳುವ ಗುಣವನ್ನು ಕಳೆದುಕೊಳ್ಳುತ್ತದೆ. ಇ.ಪಿ.ಡಿ.ಎಂ. ರಬ್ಬರ್ ಮೈನಸ್ 40 ಡಿಗ್ರಿಯ ಸುಮಾರಿಗೂ ಮೃದುವಾಗಿರುತ್ತದೆ. ಸಿಲಿಕೋನ್ ಇನ್ನೂ ಕೆಳಗೆ. ನೈಸರ್ಗಿಕ ರಬ್ಬರ್ ಚಳಿಯನ್ನು ತಾಳಿದರೂ ಹೊರಗಿನ ಓಜೋನ್ ಮತ್ತು ಬಿಸಿಲಿಗೆ ಬಿರುಕು ಬಿಡುತ್ತದೆ. ಮಾದರಿ ಕಳುಹಿಸುವ ಮುನ್ನ ಪಟ್ಟಿಯ ಚೂರನ್ನು ಒಂದು ರಾತ್ರಿ ಫ್ರೀಜರ್‌ನಲ್ಲಿಟ್ಟು, ಹೊರತೆಗೆದ ಕೂಡಲೇ ಬೆರಳುಗಳ ನಡುವೆ ಒತ್ತಿ ನೋಡುವುದು ಪ್ರಯೋಗಾಲಯದ ವರದಿಗೆ ಬದಲಿಯಲ್ಲವಾದರೂ ಮೊದಲ ಹೆಜ್ಜೆಯಾಗಿ ಯಾರೂ ಮಾಡಬಹುದಾದ ಪರೀಕ್ಷೆ.

ನಾರು ಉದ್ಯಮಿಗಳು: ಹಿಮ, ಕೆಸರು ಮತ್ತು ಉಪ್ಪನ್ನು ಹೊಸ್ತಿಲ ಹೊರಗೇ ಕೆಡವಲು ತೆಂಗಿನ ನಾರಿನ ಒರಟು ಕಾಲೊರಸು ಉತ್ತಮವಾದುದು. ತಿಪಟೂರು, ಅರಸೀಕೆರೆ ಭಾಗದ ಉದ್ಯಮಿಗಳು ಗಮನಿಸಬೇಕಾದ ಒಂದು ಅಂಶವಿದೆ. ಒಳಕ್ಕೆ ತೆರೆಯುವ ಬಾಗಿಲಿನ ಅಡಿಯಲ್ಲಿ ಡೋರ್ ಸ್ವೀಪ್ ಇರುವುದರಿಂದ ಒಳಗೆ ದಪ್ಪ ಕಾಲೊರಸು ಹಾಕಿದರೆ ಬಾಗಿಲು ತಡೆಯುತ್ತದೆ. ದಪ್ಪ ನಾರಿನದು ಹೊರಗೆ, ನೀರು ಹೀರುವ ತೆಳುವಾದದ್ದು ಒಳಗೆ ಎಂದು ಜೋಡಿಯಾಗಿ ಮಾರುವುದು ಸೂಕ್ತ.

ರಫ್ತುದಾರರು: ಮರದ ಬಾಗಿಲು ಮತ್ತು ಚೌಕಟ್ಟುಗಳು ಸುಂಕಪಟ್ಟಿಯ 4418ನೆಯ ಶೀರ್ಷಿಕೆಯಡಿ ಬರುತ್ತವೆ. 2008ರಲ್ಲಿ ತಿದ್ದುಪಡಿಯಾದ ಅಮೆರಿಕದ ಲೇಸಿ ಕಾಯಿದೆಯಂತೆ ಆಮದುದಾರರು ಮರದ ವೈಜ್ಞಾನಿಕ ಹೆಸರು ಮತ್ತು ಅದು ಕಟಾವಾದ ದೇಶವನ್ನು ಘೋಷಿಸಬೇಕಾಗುತ್ತದೆ. ಈ ವಿವರವನ್ನು ಅವರು ನಮ್ಮಿಂದಲೇ ಕೇಳುತ್ತಾರೆ. ಬೀಟೆಯನ್ನೊಳಗೊಂಡ ಡಾಲ್ಬರ್ಜಿಯಾ ಕುಲ 2017ರಿಂದ ಸೈಟಿಸ್ ಒಪ್ಪಂದದ ನಿಯಂತ್ರಣದಲ್ಲಿದೆ. ಪ್ಲೈವುಡ್, ಎಂ.ಡಿ.ಎಫ್. ಬಳಸಿದ ಬಾಗಿಲುಗಳು 2019ರ ಮಾರ್ಚ್ 22ರಿಂದ ಅಮೆರಿಕದ ಫಾರ್ಮಾಲ್ಡಿಹೈಡ್ ನಿಯಮಕ್ಕೆ ಒಳಪಟ್ಟ ಪ್ರಮಾಣಿತ ಹಲಗೆಗಳಿಂದಲೇ ತಯಾರಾಗಿರಬೇಕು. ಪ್ಯಾಕಿಂಗ್ ಪೆಟ್ಟಿಗೆಯ ಗಟ್ಟಿ ಮರವನ್ನು ಐ.ಎಸ್.ಪಿ.ಎಂ. 15ರಂತೆ ತಿರುಳು ಸಹ 56 ಡಿಗ್ರಿ ತಲುಪಿ 30 ನಿಮಿಷ ನಿಲ್ಲುವಂತೆ ಕಾಯಿಸಿ ಮುದ್ರೆ ಹಾಕಿಸಬೇಕು. ಕಂಟೇನರಿನೊಳಗೆ ಹಗಲಿನ ಶಾಖಕ್ಕೆ ಎದ್ದ ತೇವ ರಾತ್ರಿ ಹನಿಯಾಗಿ ಸುರಿಯುವುದುಂಟು. ಆದುದರಿಂದ ಬಾಗಿಲನ್ನು ಪಾಲಿಥೀನ್ ಹಾಳೆಯಲ್ಲಿ ಸುತ್ತಿ, ತೇವ ಹೀರುವ ಚೀಲಗಳನ್ನಿಟ್ಟು ಮುಚ್ಚಬೇಕು.

ಕೊನೆಯದಾಗಿ, ಪ್ರತಿ ಬಾಗಿಲಿನ ಜತೆಗೆ ಒಂದು ಪುಟದ ಸೂಚನಾಪತ್ರವಿರಲಿ. ಕಾಯಿಸಿದ ಮನೆಯೊಳಗೆ ಬಾಗಿಲನ್ನು ಕೆಲವು ದಿನ ಮಲಗಿಸಿಟ್ಟು ಹವೆಗೆ ಹೊಂದಿಸಬೇಕು; ಅಳತೆಗೆ ಕತ್ತರಿಸಿದ ಪ್ರತಿ ಅಂಚಿಗೂ ಅದೇ ದಿನ ಲೇಪ ಹಚ್ಚಬೇಕು; ಮನೆಯೊಳಗಿನ ಆರ್ದ್ರತೆ ತೀರ ಇಳಿಯದಂತೆ ನೋಡಿಕೊಳ್ಳಬೇಕು; ಪ್ರತಿ ಶರತ್ಕಾಲದಲ್ಲಿ ಪಟ್ಟಿ, ಹಿಂಜು ಮತ್ತು ಲೇಪಗಳನ್ನು ಪರೀಕ್ಷಿಸಬೇಕು. ಈ ನಾಲ್ಕು ಮಾತುಗಳನ್ನು ಮುದ್ರಿಸಲು ಕೆಲವು ರೂಪಾಯಿ ಸಾಕು. ವಿವಾದ ಬಂದಾಗ ನಮ್ಮ ಹೊಣೆ ಎಲ್ಲಿಗೆ ಮುಗಿಯುತ್ತದೆ, ಗ್ರಾಹಕನ ಹೊಣೆ ಎಲ್ಲಿಂದ ತೊಡಗುತ್ತದೆ ಎಂಬುದಕ್ಕೂ ಅದೇ ಆಧಾರವಾಗುತ್ತದೆ.

ಉಪಸಂಹಾರ

ನಷ್ಟದ ಮರುವರ್ಷ ನಾವು ಅದೇ ಕುಟುಂಬಕ್ಕೆ, ಅವರು ಕೇಳದಿದ್ದರೂ, ಇನ್ನೊಂದು ಬಾಗಿಲನ್ನು ನಮ್ಮ ಖರ್ಚಿನಲ್ಲೇ ಮಾಡಿಕೊಟ್ಟೆವು. ಈ ಸಲ ಮರವನ್ನು ಒಣಗೂಡಿನಲ್ಲಿ ಹದಗೊಳಿಸಿ, ಫೆಬ್ರವರಿಯ ಒಣಹವೆಯಲ್ಲಿ ಕೆಲಸ ಮಾಡಿದೆವು. ನಡುಹಲಗೆಗೆ ಅಂಟು ಹಾಕಲಿಲ್ಲ, ಮೊಳೆ ಬಡಿಯಲಿಲ್ಲ. ಆರೂ ಮುಖಗಳಿಗೆ ಲೇಪ ಹಚ್ಚಿದೆವು. ಮುಂಬಾಗಿಲ ಸ್ಥಾನದಲ್ಲಿ ಅವರು ಅಷ್ಟರೊಳಗೆ ಫೈಬರ್‌ಗ್ಲಾಸ್ ಕದ ಕೂಡಿಸಿಕೊಂಡಿದ್ದರು. ಅದನ್ನು ಬದಲಿಸಬೇಡಿರೆಂದು ನಾವೇ ತಿಳಿಸಿದೆವು. ನಮ್ಮ ಬಾಗಿಲು ಪಡಸಾಲೆಯ ಒಳಬಾಗಿಲಾಯಿತು. ಆ ಬಳಿಕ ಹಲವು ಚಳಿಗಾಲಗಳು ಕಳೆದಿವೆ. ಪ್ರತಿ ಜನವರಿಯಲ್ಲಿ ನಾವು ಪತ್ರ ಬರೆದು ವಿಚಾರಿಸುತ್ತೇವೆ, ಹಲಗೆ ಸೀಳಿಲ್ಲ.

ಆ ಒಂದು ಬಾಗಿಲಿನಿಂದ ನಮಗೆ ಲಾಭ ಬರಲಿಲ್ಲ. ಆದರೆ ಕಳೆದುಹೋದ ವಿಶ್ವಾಸ ಅದರಿಂದ ಹಿಂದಿರುಗಿತು. ಅದರ ಹಿಂದೆಯೇ ಬೇಡಿಕೆಗಳೂ ಬಂದವು. ಸರಕು ನಮ್ಮ ಅಂಗಳವನ್ನು ಬಿಟ್ಟಾಗ ಹೇಗಿತ್ತೆಂಬುದು ಬೀಜಕ ಬರೆಯಲು ಸಾಕು. ವ್ಯಾಪಾರ ಉಳಿಯಬೇಕಾದರೆ ಅದು ಗ್ರಾಹಕನ ಮನೆಯ ಮೊದಲ ಚಳಿಗಾಲವನ್ನು ದಾಟಿದಾಗ ಹೇಗಿರುತ್ತದೆಂಬುದನ್ನು ಯೋಚಿಸಿ ಕೆಲಸ ತೊಡಗಬೇಕು. ಸದಸ್ಯ ಮಿತ್ರರು ಮುಂದಿನ ಬೇಡಿಕೆಯನ್ನು ಒಪ್ಪಿಕೊಳ್ಳುವ ಮೊದಲು ಸರಕು ತಲುಪಲಿರುವ ಊರಿನ ಜನವರಿ ತಿಂಗಳ ಹವೆಯನ್ನು ವಿಚಾರಿಸಿಕೊಳ್ಳಲಿ ಎಂಬುದೇ ಈ ಲೇಖನದ ವಿನಂತಿ.